ಅನುದಾನ ಇಲ್ಲದಿದ್ದರೆ ಈ ಮಗು ಎಲ್ಲಿರುತ್ತಿತ್ತು? ಬಾಲನ್ಯಾಯ ಯೋಜನೆಗಳ ಮೌಲ್ಯಮಾಪನ ನಾನು ಮಾಡುವ ಬಗೆ

ಬಾಲನ್ಯಾಯ ಸೇವೆಗಳಿಗೆ ಸರ್ಕಾರ ಕೊಡುವ ಅನುದಾನದ ಮೌಲ್ಯಮಾಪನ ವಹಿಸಿಕೊಂಡಾಗ ಮೊದಲು ಕೈಗೆ ಸಿಗುವ ಕಾಗದ ಮೂರು ಲೆಕ್ಕ ಹೇಳುತ್ತದೆ: ಬಿಡುಗಡೆಯಾದ ಹಣ, ಖರ್ಚಾದ ಹಣ, ಸೇವೆ ಪಡೆದ ಮಕ್ಕಳ ಸಂಖ್ಯೆ. ಈ ಮೂರೂ ಸರಿಯಾಗಿದ್ದು ಯೋಜನೆ ಮಾತ್ರ ಮಕ್ಕಳಿಗೆ ಕೆಡುಕು ಮಾಡಿರಬಹುದು. ಹಾಗಾಗಿ ನಾನು ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕೆಲಸ ಶುರು ಮಾಡುತ್ತೇನೆ: ಈ ಹಣ ಇಲ್ಲದೇ ಇದ್ದಿದ್ದರೆ ಈ ಮಗು ಇವತ್ತು ಎಲ್ಲಿರುತ್ತಿತ್ತು? ಬಂಧನ ಕೇಂದ್ರದಲ್ಲಿಯೋ, ನ್ಯಾಯಾಲಯದ ಮೆಟ್ಟಿಲ ಮೇಲೋ, ಅಥವಾ ಪೊಲೀಸರ ಎಚ್ಚರಿಕೆಯ ಮಾತು ಕೇಳಿಕೊಂಡು ಆ ಸಂಜೆಯೇ ಮನೆಯಲ್ಲಿಯೋ?

ಇದು ಯಾಕೆ ಮುಖ್ಯ ಎನ್ನುವುದಕ್ಕೆ ಒಂದು ಲೆಕ್ಕ. ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ಯೋಜನೆ ಬರುವ ಮುಂಚಿನ ವರ್ಷ ಪೊಲೀಸರ ಕಣ್ಣಿಗೆ ಬಿದ್ದ ಮಕ್ಕಳು 1000. ಅವರಲ್ಲಿ 600 ಮಂದಿಯನ್ನು ಎಚ್ಚರಿಕೆ ಕೊಟ್ಟು ಬಿಟ್ಟರು, 250 ಮಂದಿ ನ್ಯಾಯಾಲಯಕ್ಕೆ ಹೋಗಿ ಮನೆಯಲ್ಲೇ ಉಳಿದರು, 150 ಮಂದಿ ಬಂಧನ ಕೇಂದ್ರಕ್ಕೆ ಹೋದರು. ಯೋಜನೆ ಬಂದ ವರ್ಷವೂ ಮಕ್ಕಳು 1000. ಈಗ ಎಚ್ಚರಿಕೆ 350, ಹೊಸ ಕಾರ್ಯಕ್ರಮ 300, ನ್ಯಾಯಾಲಯ 210, ಬಂಧನ 140. ವರದಿಯಲ್ಲಿ ಬರುವುದು '300 ಮಕ್ಕಳಿಗೆ ಪರ್ಯಾಯ ಸೇವೆ' ಎಂದು. ಆದರೆ ಬಂಧನ ಇಳಿದದ್ದು ಹತ್ತು, ನ್ಯಾಯಾಲಯ ಇಳಿದದ್ದು ನಲವತ್ತು. ಎಚ್ಚರಿಕೆ ಕೊಟ್ಟು ಬಿಡುವುದು ಮಾತ್ರ 250 ಕಡಿಮೆಯಾಗಿದೆ. ಅಂದರೆ ಆ 300ರಲ್ಲಿ ಹೆಚ್ಚಿನವರು ಏನೂ ಮಾಡದಿದ್ದರೂ ಮನೆಗೆ ಹೋಗುತ್ತಿದ್ದ ಮಕ್ಕಳು. ಇದನ್ನು ನಾವು 'ಬಲೆ ಹಿಗ್ಗುವುದು' ಎನ್ನುತ್ತೇವೆ. ತಲೆ ಎಣಿಸಿ ಹಣ ಕೊಡುವ ಯೋಜನೆಗಳಲ್ಲಿ ಇದು ಬಹಳ ಸಾಮಾನ್ಯ. ಸಂಸ್ಥೆಗಳಿಗೆ ಸಂಖ್ಯೆ ಬೇಕು, ಸುಲಭದ ಮಕ್ಕಳು ಸುಲಭವಾಗಿ ಸಿಗುತ್ತಾರೆ. ಆದ್ದರಿಂದ ಕಾರ್ಯಕ್ರಮದ ಸಂಖ್ಯೆಯನ್ನು ಒಂಟಿಯಾಗಿ ನಾನು ಎಲ್ಲೂ ಬರೆಯುವುದಿಲ್ಲ. ಪೊಲೀಸ್ ಸಂಪರ್ಕದಿಂದ ಬಂಧನದವರೆಗಿನ ಅಷ್ಟೂ ಹಂತಗಳ ಸಂಖ್ಯೆಯನ್ನು, ಯೋಜನೆಗೆ ಮುಂಚಿನ ಕನಿಷ್ಠ ಮೂರು ವರ್ಷಗಳದ್ದೂ ಸೇರಿಸಿ, ಒಂದೇ ಕೋಷ್ಟಕದಲ್ಲಿ ಇಡುತ್ತೇನೆ.

ನಂತರ ಹಣದ ದಾರಿ. ಅನುದಾನ ಒಪ್ಪಂದವನ್ನು ಷರತ್ತು ಷರತ್ತಾಗಿ ಓದಿ, ಖಜಾನೆಯಿಂದ ಮಗುವಿನ ಎದುರು ಕೂರುವ ಕಾರ್ಯಕರ್ತೆಯವರೆಗೆ ಹಣ ಹಾದುಹೋಗುವ ಪ್ರತಿ ಮೇಜನ್ನೂ ಒಂದು ಹಾಳೆಯ ಮೇಲೆ ಗುರುತಿಸುತ್ತೇನೆ. ಪ್ರತಿ ಮೇಜಿಗೂ ಎರಡು ದಿನಾಂಕ: ಬಂದದ್ದು, ಮುಂದೆ ಹೋದದ್ದು. ಮೂರು ವರ್ಷಗಳ ದಿನಾಂಕ ತುಂಬಿದ ಮೇಲೆ ವಿಳಂಬ ಯಾರ ಮೇಜಿನಲ್ಲಿ ಎಂದು ಯಾರನ್ನೂ ಕೇಳಬೇಕಾಗಿಲ್ಲ. ಪಕ್ಕದಲ್ಲೇ ಸಿಬ್ಬಂದಿಯ ನೇಮಕಾತಿ ಮತ್ತು ಬಿಟ್ಟುಹೋದ ದಿನಾಂಕಗಳನ್ನು ಇಡಬೇಕು. ಎರಡನೇ ಕಂತು ನಾಲ್ಕು ತಿಂಗಳು ತಡವಾದಲ್ಲಿ ಗುತ್ತಿಗೆ ನೌಕರರು ಕೆಲಸ ಬಿಟ್ಟಿರುತ್ತಾರೆ. ಆಪ್ತಸಮಾಲೋಚಕಿ ಬದಲಾದಾಗ ಮಗು ಮತ್ತೆ ಮೊದಲಿನಿಂದ ಮಾತು ಶುರು ಮಾಡಬೇಕು, ಹೆಚ್ಚಿನ ಮಕ್ಕಳು ಶುರು ಮಾಡುವುದೇ ಇಲ್ಲ. ಇದು ಲೆಕ್ಕಪತ್ರದಲ್ಲಿ ಕಾಣದು, ಏಕೆಂದರೆ ವರ್ಷದ ಕೊನೆಗೆ ಹಣ ಪೂರ್ತಿ ಖರ್ಚಾಗಿರುತ್ತದೆ. ತಿಂಗಳವಾರು ಖರ್ಚು ತೆಗೆದಾಗ ಕೊನೆಯ ಮೂರು ತಿಂಗಳಲ್ಲೇ ಅರ್ಧದಷ್ಟು ಹೋಗಿದ್ದರೆ, ಆ ತಿಂಗಳ ಬಿಲ್ಲುಗಳನ್ನು ಒಂದೊಂದಾಗಿ ನೋಡುತ್ತೇನೆ. ಸಾಮಾನ್ಯವಾಗಿ ಅಲ್ಲಿ ಪೀಠೋಪಕರಣ, ಮುದ್ರಣ, ತರಬೇತಿ ಸಿಗುತ್ತವೆಯೇ ಹೊರತು ಮಕ್ಕಳೊಂದಿಗೆ ಕಳೆದ ಗಂಟೆಗಳಲ್ಲ.

ಇಲ್ಲೇ ಇನ್ನೊಂದು ಪರೀಕ್ಷೆ ಮುಗಿಸಿಬಿಡುತ್ತೇನೆ. ಮೇಲಿನಿಂದ ಅನುದಾನ ಬಂದ ಮೇಲೆ ಸ್ಥಳೀಯ ಸರ್ಕಾರ ತಾನು ಮೊದಲು ಇದೇ ಕೆಲಸಕ್ಕೆ ಹಾಕುತ್ತಿದ್ದ ಹಣವನ್ನು ಹಿಂದಕ್ಕೆ ತೆಗೆದುಕೊಂಡಿದೆಯೇ? ಅನುದಾನಕ್ಕೆ ಮುಂಚಿನ ಮತ್ತು ನಂತರದ ಬಜೆಟ್ ಶೀರ್ಷಿಕೆಗಳನ್ನು ಜೋಡಿಸಿ ನೋಡಬೇಕು. ಶೀರ್ಷಿಕೆಯ ಹೆಸರು ನಡುವೆ ಬದಲಾಗಿದ್ದರೆ ಹುದ್ದೆಗಳ ಪಟ್ಟಿಯಿಂದ ಪತ್ತೆ ಹಚ್ಚಬಹುದು. ಅದೇ ಜನ, ಅದೇ ಕುರ್ಚಿ, ಸಂಬಳದ ಮೂಲ ಮಾತ್ರ ಬೇರೆ ಎಂದಾದರೆ ಅನುದಾನದಿಂದ ಹೊಸ ಸೇವೆ ಹುಟ್ಟಿಲ್ಲ.

ಹಣ ಹರಿಯುವ ರೀತಿಯೇ ತೀರ್ಪನ್ನು ಬಾಗಿಸುತ್ತದೆ ಎನ್ನುವುದಕ್ಕೆ ಅಮೆರಿಕದ ಒಹಾಯೋ ರಾಜ್ಯದ ರಿಕ್ಲೇಮ್ ಯೋಜನೆ ಒಳ್ಳೆಯ ಪಾಠ. ಅದಕ್ಕೆ ಮುಂಚೆ ಮಗುವನ್ನು ರಾಜ್ಯದ ಬಂಧನ ಕೇಂದ್ರಕ್ಕೆ ಕಳಿಸಿದರೆ ಖರ್ಚು ರಾಜ್ಯದ್ದು, ಊರಲ್ಲೇ ಇಟ್ಟುಕೊಂಡು ಸೇವೆ ಕೊಟ್ಟರೆ ಖರ್ಚು ಕೌಂಟಿಯದ್ದು, ಅಂದರೆ ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತದ್ದು. ಕಳಿಸಿಬಿಡುವುದೇ ಅಗ್ಗವಾಗಿತ್ತು. 1994ರಲ್ಲಿ ಪ್ರಯೋಗವಾಗಿ, 1995ರಲ್ಲಿ ರಾಜ್ಯವ್ಯಾಪಿಯಾಗಿ ಕೌಂಟಿಗಳಿಗೇ ಹಣದ ಪಾಲು ಕೊಟ್ಟು, ರಾಜ್ಯದ ಬಂಧನ ಕೇಂದ್ರದ ಹಾಸಿಗೆ ಬಳಸಿದಷ್ಟನ್ನು ಅದರಿಂದ ಮುರಿದುಕೊಳ್ಳುವ ಕ್ರಮ ಬಂತು. ಯಾವುದೇ ಯೋಜನೆಯಲ್ಲೂ ನಾನು ಇದನ್ನು ಹುಡುಕುತ್ತೇನೆ: ಮಗುವನ್ನು ಒಳಗೆ ಕಳಿಸುವವರಿಗೆ ಅದರ ಖರ್ಚು ತಟ್ಟುತ್ತದೆಯೇ?

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಫಲಿತಾಂಶ ಎಂದರೆ ಹೆಚ್ಚಿನವರಿಗೆ ಮರುಅಪರಾಧದ ಪ್ರಮಾಣ. ಅದನ್ನು ಅಳೆಯುವ ಮುಂಚೆ ನಾಲ್ಕು ವಿಷಯ ಬರೆದು, ಇಲಾಖೆಯ ಒಪ್ಪಿಗೆ ಪಡೆದು, ಆಮೇಲೆ ದತ್ತಾಂಶ ತೆರೆಯುತ್ತೇನೆ. ಬರೆಯದೆ ಹೋದರೆ ಉತ್ತರ ನೋಡಿಕೊಂಡು ವ್ಯಾಖ್ಯೆ ಬದಲಾಯಿಸುವ ಒತ್ತಡ ಖಂಡಿತ ಬರುತ್ತದೆ. ಮೊದಲನೆಯದು, ಮರುಅಪರಾಧ ಎಂದರೆ ಮತ್ತೆ ಸಿಕ್ಕಿಬಿದ್ದದ್ದೋ, ಮತ್ತೆ ದೋಷಾರೋಪ ಬಂದದ್ದೋ, ದೋಷ ಸಾಬೀತಾದದ್ದೋ. ಮೂರಕ್ಕೂ ಅಂಕಿ ಬೇರೆ ಬೇರೆ ಬರುತ್ತದೆ. ಪೊಲೀಸರ ಗಸ್ತು ಹೆಚ್ಚಿರುವ ಬಡಾವಣೆಯ ಮಕ್ಕಳು ಸಿಕ್ಕಿಬೀಳುವುದೂ ಹೆಚ್ಚು, ಹಾಗಾಗಿ ನಾನು ಕನಿಷ್ಠ ಎರಡು ಅಳತೆ ಕೊಡುತ್ತೇನೆ. ಎರಡನೆಯದು, ಅವಧಿ. ಮಗು ಹೊರಗೆ ಸಮಾಜದಲ್ಲಿ ಇರಲು ಶುರುವಾದ ದಿನದಿಂದ 12 ತಿಂಗಳು, ಅದರ ಮೇಲೆ ಪ್ರಕರಣ ಇತ್ಯರ್ಥವಾಗಲು ಇನ್ನೂ ಕನಿಷ್ಠ 6 ತಿಂಗಳು ಕಾಯಬೇಕು. ಬಂಧನದಲ್ಲಿ ಕಳೆದ ದಿನಗಳನ್ನು ಆ 12 ತಿಂಗಳಲ್ಲಿ ಸೇರಿಸಿದರೆ ಬಂಧನ ಕೇಂದ್ರಕ್ಕೆ ಸಲ್ಲದ ಕೀರ್ತಿ ಸಿಗುತ್ತದೆ, ಏಕೆಂದರೆ ಒಳಗಿದ್ದ ಮಗು ಹೊರಗೆ ಅಪರಾಧ ಮಾಡಲಾರದು.

ಮೂರನೆಯದು, ವಯಸ್ಸಿನ ಗಡಿ. 17 ವರ್ಷದ ಹುಡುಗ ಕಾರ್ಯಕ್ರಮ ಮುಗಿಸಿ 18 ದಾಟಿದ ಮೇಲೆ ಮಾಡಿದ ಅಪರಾಧ ವಯಸ್ಕರ ದಾಖಲೆಯಲ್ಲಿರುತ್ತದೆ. ಮಕ್ಕಳ ದಾಖಲೆ ಮಾತ್ರ ನೋಡಿದವರಿಗೆ ಅವನು ಪೂರ್ತಿ ಸುಧಾರಿಸಿದವನಾಗಿ ಕಾಣುತ್ತಾನೆ. '17 ವರ್ಷದವರಲ್ಲಿ ಯಶಸ್ಸು ಅತಿ ಹೆಚ್ಚು' ಎಂಬ ವಾಕ್ಯ ಎಲ್ಲಿ ಕಂಡರೂ ನಾನು ಮೊದಲು ಶಂಕಿಸುವುದು ಇದನ್ನೇ. ವಯಸ್ಕರ ದತ್ತಾಂಶಕ್ಕೆ ಅನುಮತಿ ಪಡೆಯಲು ತಿಂಗಳುಗಳೇ ಬೇಕಾಗುತ್ತವೆ. ಕೆಲಸ ಒಪ್ಪಿಕೊಂಡ ವಾರವೇ ಅರ್ಜಿ ಹಾಕಬೇಕು.

ನಾಲ್ಕನೆಯದು, ಯಾರನ್ನು ಎಣಿಸುತ್ತೇವೆ ಎನ್ನುವುದು. 200 ಮಕ್ಕಳು ಸೇರಿದರು ಎಂದುಕೊಳ್ಳಿ. 120 ಮಂದಿ ಮುಗಿಸಿದರು, ಅವರಲ್ಲಿ 24 ಮಂದಿ ಮತ್ತೆ ಅಪರಾಧ ಮಾಡಿದರು, ಅಂದರೆ ಶೇ. 20. ಹೋಲಿಕೆಯ ಗುಂಪಿನಲ್ಲಿ ಶೇ. 31. ಸಂಸ್ಥೆಯ ವರದಿ ಇಲ್ಲಿಗೆ ನಿಲ್ಲುತ್ತದೆ. ನಡುವೆ ಬಿಟ್ಟ 80 ಮಂದಿಯಲ್ಲಿ 40 ಮಂದಿ ಮತ್ತೆ ಅಪರಾಧ ಮಾಡಿದ್ದಾರೆ. ಎಲ್ಲರನ್ನೂ ಸೇರಿಸಿದರೆ 200ಕ್ಕೆ 64, ಶೇ. 32. ಕಾರ್ಯಕ್ರಮದಿಂದ ಏನೂ ಬದಲಾಗಿಲ್ಲ, ಮೊದಲೇ ಅಪಾಯ ಕಡಿಮೆಯಿದ್ದ ಮಕ್ಕಳು ಕೊನೆಯವರೆಗೆ ಉಳಿದರು ಅಷ್ಟೆ. ಆದ್ದರಿಂದ ಸೇರಿದ ದಿನದ ಪಟ್ಟಿಯನ್ನೇ ಛೇದವಾಗಿ ಇಟ್ಟುಕೊಳ್ಳುತ್ತೇನೆ. ಸಂಸ್ಥೆ ಕೊಡುವ ಪಟ್ಟಿಯಲ್ಲಿ ಬಿಟ್ಟುಹೋದವರ ಹೆಸರು ಅಳಿಸಿಹೋಗಿರುವುದುಂಟು, ಹಾಗಾಗಿ ಶಿಫಾರಸು ಮಾಡಿದ ನ್ಯಾಯಾಲಯದ ಪಟ್ಟಿಯೊಂದಿಗೆ ತಾಳೆ ನೋಡಬೇಕು.

ಹೋಲಿಕೆಯ ಗುಂಪಿಲ್ಲದೆ 'ಮುಂಚೆ-ನಂತರ' ಮಾತ್ರ ಹೇಳುವುದನ್ನು ನಾನು ಒಪ್ಪುವುದಿಲ್ಲ. ಮಗುವನ್ನು ಸೇವೆಗೆ ಕಳಿಸುವುದು ಅವನ ಅತಿ ಕೆಟ್ಟ ದಿನಗಳಲ್ಲಿ. ಅಲ್ಲಿಂದ ಏನೂ ಮಾಡದಿದ್ದರೂ ಅಪರಾಧ ಸ್ವಲ್ಪ ಇಳಿಯುತ್ತದೆ. ಸಾಲದ್ದಕ್ಕೆ ಬಹುಪಾಲು ಮಕ್ಕಳು ಬೆಳೆಯುತ್ತಾ ತಾವಾಗಿಯೇ ಅಪರಾಧದಿಂದ ದೂರವಾಗುತ್ತಾರೆ. ಲಾಟರಿ ಎತ್ತಿ ಸೇವೆ ಹಂಚುವ ಅವಕಾಶ ವಿರಳ. ಸಿಕ್ಕುವ ದಾರಿ ಎಂದರೆ ಯೋಜನೆ ಹಂತ ಹಂತವಾಗಿ ಜಾರಿಯಾದ ಪ್ರದೇಶಗಳು: ಮೊದಲ ವರ್ಷ ಪಡೆದವು, ಮೂರನೇ ವರ್ಷ ಪಡೆದವು. ಎರಡರ ಹಳೆಯ ಅಂಕಿಗಳು ಸಮಾನಾಂತರವಾಗಿ ಸಾಗಿದ್ದವೇ ಎಂದು ನೋಡಿಕೊಂಡು ವ್ಯತ್ಯಾಸದ ವ್ಯತ್ಯಾಸ ತೆಗೆಯುತ್ತೇನೆ, ಅಂದರೆ ಮೊದಲು ಪಡೆದಲ್ಲಿ ಆದ ಬದಲಾವಣೆಯಿಂದ ಇನ್ನೂ ಪಡೆಯದಲ್ಲಿ ಆದ ಬದಲಾವಣೆಯನ್ನು ಕಳೆಯುತ್ತೇನೆ. ಗುಂಪಿನ ಗಾತ್ರದ ಬಗ್ಗೆ ಮೊದಲೇ ಲೆಕ್ಕ ಹಾಕಬೇಕು. ಮರುಅಪರಾಧ ಶೇ. 40ರಿಂದ 30ಕ್ಕೆ ಇಳಿದದ್ದನ್ನು ಶೇ. 5 ಮಟ್ಟದಲ್ಲಿ (ಇಲ್ಲದ ಪರಿಣಾಮವನ್ನು ಇದೆ ಎನ್ನುವ ಸಾಧ್ಯತೆ), ಶೇ. 80 ಸಾಮರ್ಥ್ಯದೊಂದಿಗೆ (ಇರುವ ಪರಿಣಾಮ ಕಣ್ಣಿಗೆ ಬೀಳುವ ಸಾಧ್ಯತೆ) ಹಿಡಿಯಲು ಪ್ರತಿ ಗುಂಪಿನಲ್ಲಿ ಸುಮಾರು 356 ಮಕ್ಕಳು ಬೇಕು. 40 ಮಕ್ಕಳ ಕಾರ್ಯಕ್ರಮಕ್ಕೆ ಪರಿಣಾಮದ ತೀರ್ಪು ಕೊಡಿ ಎಂದರೆ ಆಗದು ಎಂದೇ ಬರೆದುಕೊಡುತ್ತೇನೆ, ಸೇವೆಯ ಗುಣಮಟ್ಟವನ್ನು ಮಾತ್ರ ನೋಡುತ್ತೇನೆ.

ಕಾನೂನೂ ಹಣವೂ ಒಟ್ಟಿಗೆ ಬದಲಾದರೆ ಗಂಟು ಬಿಡಿಸುವುದು ಇನ್ನೂ ಕಷ್ಟ. ಕೆನಡಾದಲ್ಲಿ 2003ರ ಏಪ್ರಿಲ್ 1ರಂದು ಜಾರಿಗೆ ಬಂದ ಯುವ ಅಪರಾಧ ನ್ಯಾಯ ಕಾಯ್ದೆ 12ರಿಂದ 17 ವರ್ಷದವರಿಗೆ ನ್ಯಾಯಾಲಯದ ಹೊರಗಿನ ಕ್ರಮಗಳನ್ನು ಮುಂದೆ ಮಾಡಿತು, ಬಂಧನಕ್ಕೆ ಬಿಗಿ ಷರತ್ತು ಹಾಕಿತು. ಸೇವೆ ನಡೆಸುವುದು ಪ್ರಾಂತ್ಯಗಳು, ಅದರ ವೆಚ್ಚದಲ್ಲಿ ಒಂದು ಪಾಲು ಒಕ್ಕೂಟ ಸರ್ಕಾರದ ಅನುದಾನ. ಅಲ್ಲಿ ಬಂಧನದ ಪ್ರಮಾಣ ಬಹಳ ಇಳಿಯಿತು. ಇಳಿಸಿದ್ದು ಕಾಯ್ದೆಯೇ, ಹಣವೇ? ಇಂಥಲ್ಲಿ 'ಕಾರಣ' ಎಂಬ ಪದ ಬಿಟ್ಟು 'ಕೊಡುಗೆ' ಎಂದು ಬರೆಯುವುದು ಪ್ರಾಮಾಣಿಕ. ಕಾಯ್ದೆ ಬಾಗಿಲು ತೆರೆಯಿತು, ಆ ಬಾಗಿಲಿನಾಚೆ ಕಳಿಸಲು ಜಾಗ ಇತ್ತೇ ಎಂಬುದನ್ನು ನ್ಯಾಯಾಧೀಶರ ಆದೇಶಗಳು ಮತ್ತು ಸೇವೆಯ ಲಭ್ಯತೆಯ ದಿನಾಂಕಗಳನ್ನು ಜೋಡಿಸಿ ತೋರಿಸಬಹುದು.

'ಮಕ್ಕಳಿಗೂ ಪೋಷಕರಿಗೂ ತೃಪ್ತಿಯಿದೆ' ಎಂಬ ಸಮೀಕ್ಷೆಯನ್ನು ಪರಿಣಾಮದ ಸಾಕ್ಷ್ಯವಾಗಿ ಬಳಸಬಾರದು. ಅಮೆರಿಕದಲ್ಲಿ 1939ರಲ್ಲಿ ಶುರುವಾದ ಕೇಂಬ್ರಿಜ್-ಸೊಮರ್‌ವಿಲ್ ಅಧ್ಯಯನದಲ್ಲಿ 506 ಹುಡುಗರನ್ನು ಜೋಡಿ ಮಾಡಿ, ಅರ್ಧದಷ್ಟು ಮಂದಿಗೆ ವರ್ಷಗಟ್ಟಲೆ ಮಾರ್ಗದರ್ಶನ, ಪಾಠ, ವೈದ್ಯಕೀಯ ನೆರವು, ಬೇಸಿಗೆ ಶಿಬಿರ ಎಲ್ಲ ಕೊಟ್ಟರು. ಮೂವತ್ತು ವರ್ಷಗಳ ನಂತರ ಜೋನ್ ಮೆಕ್‌ಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು ಹುಡುಕಿ 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆರವು ಪಡೆದವರಲ್ಲಿ ಮೂರನೇ ಎರಡರಷ್ಟು ಮಂದಿ ಅದರಿಂದ ಒಳ್ಳೆಯದಾಯಿತು ಎಂದರು. ದಾಖಲೆಗಳು ಬೇರೆಯೇ ಹೇಳಿದವು: ಕುಡಿತ, ಬೇಗ ಸಾವು, ಮತ್ತೆ ಅಪರಾಧ, ಈ ಅಳತೆಗಳಲ್ಲಿ ಅವರ ಸ್ಥಿತಿ ನೆರವು ಪಡೆಯದವರಿಗಿಂತ ಕೆಟ್ಟದಾಗಿತ್ತು. ಮಕ್ಕಳನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ ಕಾರ್ಯಕ್ರಮಗಳದ್ದೂ ಇದೇ ಕಥೆ. ಲಾಟರಿಯಂತೆ ಗುಂಪು ಹಂಚಿದ ಹಲವು ಯಾದೃಚ್ಛಿಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಅವು ಅಪರಾಧವನ್ನು ಹೆಚ್ಚಿಸಿದ್ದೇ ಕಂಡಿತು. ಅನುದಾನದ ಪಟ್ಟಿಯಲ್ಲಿ ಇಂಥ ಚಟುವಟಿಕೆ ಯಾವ ಹೆಸರಿನಲ್ಲಿದ್ದರೂ ನಾನು ನಿಲ್ಲಿಸಲು ಶಿಫಾರಸು ಮಾಡುತ್ತೇನೆ.

ಮಕ್ಕಳ ಪ್ರಕರಣದ ಕಡತಗಳ ಪರಿಶೀಲನೆಗೆ ಸುಮಾರು 120 ಕಡತ ಸಾಕು. ಪ್ರದೇಶ, ಲಿಂಗ, ಅಪರಾಧದ ಗಂಭೀರತೆ ನೋಡಿ ವಿಂಗಡಿಸಿ ಎತ್ತಬೇಕು, ಸಂಸ್ಥೆಯವರೇ ಆರಿಸಿ ಕೊಟ್ಟದ್ದನ್ನಲ್ಲ. ಮೊದಲ 20 ಕಡತವನ್ನು ಇಬ್ಬರು ಬೇರೆ ಬೇರೆಯಾಗಿ ಓದಿ ತುಂಬುತ್ತೇವೆ, ಹೊಂದಿಕೆ ಕಡಿಮೆಯಿದ್ದರೆ ನಮೂನೆ ತಿದ್ದುತ್ತೇವೆ. ನೋಡುವುದು ಮುಖ್ಯವಾಗಿ ಇಷ್ಟು: ಅಪಾಯದ ಮಟ್ಟ ಅಳೆದ ದಿನ ಸೇವೆ ಶುರುವಾದ ದಿನಕ್ಕಿಂತ ಮುಂಚಿನದೇ? ಅಳತೆಯಲ್ಲಿ ಕಂಡ ತೊಂದರೆಗೂ ಕೊಟ್ಟ ಸೇವೆಗೂ ಸಂಬಂಧವಿದೆಯೇ? ಯೋಜಿಸಿದ 24 ಭೇಟಿಗಳಲ್ಲಿ ಎಷ್ಟು ನಡೆದವು? ಶಾಲೆ ಬಿಟ್ಟದ್ದೇ ಮುಖ್ಯ ತೊಂದರೆ ಎಂದು ಬರೆದ ಪುಟದ ಹಿಂದೆಯೇ ಎಲ್ಲರಿಗೂ ಒಂದೇ ಸಿಟ್ಟು ನಿಯಂತ್ರಣದ ತರಗತಿ ಕೊಟ್ಟಿರುವ ಕಡತಗಳು ಬಹಳ ಸಿಗುತ್ತವೆ. ಕಡಿಮೆ ಅಪಾಯದ ಮಗುವನ್ನು ತೀವ್ರ ಕಾರ್ಯಕ್ರಮಕ್ಕೆ ಹಾಕಿದ್ದರೆ ಅದನ್ನು ದೋಷವೆಂದೇ ಎಣಿಸುತ್ತೇನೆ. ಶಾಲೆಯ ಸಮಯ ಹೋಗುತ್ತದೆ, ಹೆಚ್ಚು ಪಳಗಿದ ಗೆಳೆಯರು ಸಿಗುತ್ತಾರೆ.

ಉಳಿತಾಯದ ಮಾತು ಬಂದಾಗ ಸರಾಸರಿ ವೆಚ್ಚ ಮೋಸ ಮಾಡುತ್ತದೆ. ಬಂಧನ ಕೇಂದ್ರದ ಖರ್ಚು 100 ಎಂದಿಟ್ಟುಕೊಂಡರೆ ಅದರಲ್ಲಿ ಕಟ್ಟಡ ಮತ್ತು ಪಾಳಿಯ ಸಿಬ್ಬಂದಿಯ ಪಾಲೇ ದೊಡ್ಡದು. 40 ಹಾಸಿಗೆಯಲ್ಲಿ 10 ಖಾಲಿಯಾದರೆ ಊಟ, ಬಟ್ಟೆ, ಔಷಧದ ಖರ್ಚು ಮಾತ್ರ ಇಳಿಯುತ್ತದೆ. ಒಂದು ವಿಭಾಗವೇ ಮುಚ್ಚಿ ಸಿಬ್ಬಂದಿ ಬೇರೆಡೆ ಹೋದಾಗಲೇ ನಿಜವಾದ ಉಳಿತಾಯ. ಎರಡನ್ನೂ ಬೇರೆ ಸಾಲಿನಲ್ಲಿ ತೋರಿಸುತ್ತೇನೆ.

ಮಕ್ಕಳ ಜೊತೆ ಮಾತಾಡದೆ ಮೌಲ್ಯಮಾಪನ ಮುಗಿಸಬಾರದು. ಸೇವೆ ಹೇಗೆ ಸಿಕ್ಕಿತು, ಎಷ್ಟು ಕಾದರು, ಯಾರು ಗೌರವದಿಂದ ನಡೆಸಿಕೊಂಡರು ಎಂಬುದು ಅವರಿಗೆ ಮಾತ್ರ ಗೊತ್ತು. ಮಗುವಿನ ಒಪ್ಪಿಗೆ, ಪೋಷಕರ ಒಪ್ಪಿಗೆ ಎರಡೂ ಬೇಕು. ಸಿಬ್ಬಂದಿ ಕೋಣೆಯಲ್ಲಿರಬಾರದು. ಬೇಡ ಎಂದರೆ ಸೇವೆ ನಿಲ್ಲುವುದಿಲ್ಲ ಎಂದು ಮೊದಲ ವಾಕ್ಯದಲ್ಲೇ ಹೇಳಬೇಕು. ವಿಚಾರಣೆ ಬಾಕಿಯಿರುವ ಪ್ರಕರಣದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ, ನಮ್ಮ ಟಿಪ್ಪಣಿ ನ್ಯಾಯಾಲಯ ತಲುಪಬಹುದು. ಬಾಲನ್ಯಾಯದ ಬಗ್ಗೆ ವಿಶ್ವಸಂಸ್ಥೆ 1985ರಲ್ಲಿ ಒಪ್ಪಿದ ಬೀಜಿಂಗ್ ನಿಯಮಗಳಲ್ಲಿ 8ನೆಯದು ಮಗುವಿನ ಖಾಸಗಿತನದ್ದು, 30ನೆಯದು ಯೋಜನೆ ಮತ್ತು ಮೌಲ್ಯಮಾಪನಕ್ಕೆ ಸಂಶೋಧನೆಯೇ ಆಧಾರವಾಗಬೇಕು ಎಂಬುದು. ಎರಡನ್ನೂ ಒಟ್ಟಿಗೆ ಪಾಲಿಸಬೇಕು. ಕೋಷ್ಟಕದ ಯಾವುದೇ ಚೌಕದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿದ್ದರೆ ಅಂಕಿ ಮುಚ್ಚುತ್ತೇನೆ, ಮೊತ್ತದಿಂದ ಕಳೆದು ಕಂಡುಹಿಡಿಯದಂತೆ ಪಕ್ಕದ ಇನ್ನೊಂದು ಚೌಕವನ್ನೂ ಮುಚ್ಚುತ್ತೇನೆ. ಪೊಲೀಸ್, ನ್ಯಾಯಾಲಯ, ಸೇವಾ ದಾಖಲೆಗಳನ್ನು ಹೆಸರು ಮತ್ತು ಜನ್ಮದಿನದಿಂದ ಬೆಸೆಯುವಾಗ ಒಂದೇ ಹೆಸರಿನ ನಾಲ್ಕು ಕಾಗುಣಿತ ಸಿಗುತ್ತದೆ, ಜನ್ಮದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಎಂದು ಬರೆದಿರುತ್ತಾರೆ. ಹಾಗಾಗಿ ಯಂತ್ರ ಬೆಸೆದ ಜೋಡಿಗಳಲ್ಲಿ 100ನ್ನು ಕೈಯಾರೆ ಪರೀಕ್ಷಿಸುತ್ತೇವೆ. ಬೆಸುಗೆ ಮುಗಿದ ಮೇಲೆ ಹೆಸರನ್ನೂ ಸಂಕೇತ ಸಂಖ್ಯೆಯನ್ನೂ ಜೋಡಿಸುವ ಕಡತ ಒಬ್ಬರ ಬಳಿ ಮಾತ್ರ, ಬೀಗದೊಳಗೆ. ಅದನ್ನು ನಾಶ ಮಾಡುವ ದಿನಾಂಕ ಒಪ್ಪಂದದಲ್ಲೇ ಬರೆದಿರುತ್ತದೆ. ಆ ದಿನ ಇಬ್ಬರ ಎದುರು ಅಳಿಸಿ, ಸಹಿ ಮಾಡಿದ ಪ್ರಮಾಣಪತ್ರವನ್ನು ಇಲಾಖೆಗೆ ಕಳಿಸುತ್ತೇವೆ.