ಸತತ ಗೈರುಹಾಜರಿ: ಬೇಗ ಹೋದ ಹಾಸ್ಟೆಲ್ ಗೆಳತಿಯರ ನೆನಪಿನ ಪುಸ್ತಕ ಮಾಡಿದ ಅನುಭವ

ಶಿರಸಿಯ ಒಂದು ವಸತಿ ಶಾಲೆಯಲ್ಲಿ ನಾನು ಐದರಿಂದ ಹತ್ತನೆಯ ತರಗತಿಯವರೆಗೆ ಓದಿದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬರುವ ಬಸ್ಸಿನ ಮೇಲೆ ಟ್ರಂಕು ಕಟ್ಟಿಸಿ ಅಪ್ಪ ನನ್ನನ್ನು ಅಲ್ಲಿಗೆ ತಂದು ಬಿಟ್ಟದ್ದು 1970ರ ದಶಕದಲ್ಲಿ. ನಲವತ್ತು ವರ್ಷಗಳ ನಂತರ ನಾವು ಕೆಲವರು ಮತ್ತೆ ಒಂದು ಕಡೆ ಸೇರಿದಾಗ, ಮೊದಲ ಗಂಟೆ ಕಳೆಯುವುದರೊಳಗೆ "ಅವಳು ಹೋದಳಂತೆ, ನಿನಗೆ ಗೊತ್ತೇ?" ಎಂಬ ಮಾತು ಏಳೆಂಟು ಸಲ ಬಂತು. ಯಾವಾಗ ಹೋದಳು, ಎಲ್ಲಿ, ಮಕ್ಕಳಿದ್ದರೇ ಎಂದು ಕೇಳಿದರೆ ಒಬ್ಬರಿಗೂ ಪೂರ್ತಿ ಗೊತ್ತಿರಲಿಲ್ಲ. ಆರು ವರ್ಷ ಒಂದೇ ಕೋಣೆಯಲ್ಲಿ ಚಾಪೆಗೆ ಚಾಪೆ ತಾಗಿಸಿ ಮಲಗಿದವರ ವಿಷಯದಲ್ಲಿ ನಮಗೆ ಇಷ್ಟೂ ತಿಳಿಯದೆ ಹೋದದ್ದು ನನ್ನನ್ನು ಬಹಳ ದಿನ ಕಾಡಿತು. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ಆಗಷ್ಟೇ ನಿವೃತ್ತಳಾಗಿದ್ದೆ. ನಲವತ್ತು ತುಂಬುವ ಮೊದಲೇ ತೀರಿಕೊಂಡವರಿಗೆ ತಲಾ ಒಂದು ಪುಟದಂತೆ ಸಣ್ಣ ಪುಸ್ತಕ ಮಾಡುವ ಕೆಲಸವನ್ನು ಕೈಗೆತ್ತಿಕೊಂಡೆ. ಮೂರು ವರ್ಷ ಹಿಡಿಯಿತು, ಹನ್ನೊಂದು ಹುಡುಗಿಯರು. ಅವರ ಹೆಸರುಗಳನ್ನು ಪುಸ್ತಕಕ್ಕಷ್ಟೇ ಮನೆಯವರು ಒಪ್ಪಿ ಕೊಟ್ಟಿದ್ದರಿಂದ ಇಲ್ಲಿ ಬರೆಯುವುದಿಲ್ಲ.

ಶಾಲೆಯ ದಾಖಲಾತಿ ಪುಸ್ತಕದಿಂದ ಆರಂಭಿಸಿದೆ. ಹಾಜರಿ ಪುಸ್ತಕಗಳು ಯಾವಾಗಲೋ ವಿಲೇವಾರಿಯಾಗಿದ್ದವು, ಆದರೆ ದಾಖಲಾತಿ ಪುಸ್ತಕವನ್ನು ಶಾಲೆಗಳು ಕಾಯಮ್ಮಾಗಿ ಇಟ್ಟುಕೊಳ್ಳುತ್ತವೆ. ಹುಟ್ಟಿದ ದಿನ, ತಂದೆಯ ಹೆಸರು, ಊರು, ಕೊನೆಯ ಅಂಕಣದಲ್ಲಿ ಶಾಲೆ ಬಿಟ್ಟ ಕಾರಣ. ನಮ್ಮ ತರಗತಿಯ ಸಿದ್ದಾಪುರ ಕಡೆಯ ಹುಡುಗಿಯೊಬ್ಬಳು ಏಳನೆಯ ತರಗತಿಯ ಬೇಸಿಗೆ ರಜೆಗೆ ಮನೆಗೆ ಹೋದವಳು ತಿರುಗಿ ಬಂದಿರಲಿಲ್ಲ. ಜ್ವರ ಬಂದು ಎಂಟೇ ದಿನದಲ್ಲಿ ತೀರಿಕೊಂಡಿದ್ದಳು. ಅವಳ ಸಾಲಿನ ಕೊನೆಯಲ್ಲಿ ನೀಲಿ ಶಾಯಿಯ ದುಂಡಗಿನ ಅಕ್ಷರಗಳಲ್ಲಿ "ಸತತ ಗೈರುಹಾಜರಿ, ಹೆಸರು ತೆಗೆದಿದೆ" ಎಂದಿತ್ತು. ಬರೆದವರದ್ದು ತಪ್ಪೆನ್ನಲಾರೆ. ಮನೆಯಿಂದ ಕಾಗದ ಬಂದದ್ದು ತಡವಾಗಿ, ಆ ಹೊತ್ತಿಗೆ ಹೆಸರು ತೆಗೆದಾಗಿತ್ತು. ಆದರೆ ಆ ಎರಡು ಪದಗಳನ್ನು ಓದಿದ ಮೇಲೆ, ಈ ಪುಸ್ತಕ ಆಗಲೇಬೇಕು ಎಂಬುದರಲ್ಲಿ ನನಗೆ ಸಂಶಯ ಉಳಿಯಲಿಲ್ಲ.

ಅವಳ ಪುಟ ಬರೆಯುವಾಗ ಒಂದು ತೊಡಕು ಎದುರಾಯಿತು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುವ ಆ ಜ್ವರ ಹೆಚ್ಚಾಗಿ ಬೇಸಿಗೆಯ ಒಣ ತಿಂಗಳುಗಳಲ್ಲಿ, ಸೊಪ್ಪು, ದರಕು ತರಲು ಕಾಡಿಗೆ ಹೋಗುವವರಿಗೆ ತಗಲುತ್ತದೆ. ಊರು, ತಿಂಗಳು, ಎಂಟು ದಿನಗಳ ಜ್ವರ ಎಲ್ಲವೂ ಹೊಂದುತ್ತದೆ ಎಂದು ಗೆಳತಿಯರು ಹೇಳಿದರು, ನನಗೂ ಹಾಗೆಯೇ ಅನ್ನಿಸಿತು. ಆದರೆ ಅವಳ ಅಣ್ಣ ಹೇಳಿದ್ದು "ಜ್ವರ" ಎಂದಷ್ಟೇ. ನಾನೂ ಜ್ವರ ಎಂದೇ ಬರೆದೆ. ಹೊಂದುತ್ತದೆ ಎಂಬ ಕಾರಣಕ್ಕೆ ಸತ್ತವರಿಗೆ ಒಂದು ಕಾಯಿಲೆಯನ್ನು ಅಂಟಿಸುವ ಅಧಿಕಾರ ನಮಗಿಲ್ಲ.

ಹೆಣ್ಣುಮಕ್ಕಳನ್ನು ಹುಡುಕುವುದು ಎಷ್ಟು ಕಷ್ಟ ಎಂಬುದು ಈ ಕೆಲಸಕ್ಕೆ ಇಳಿದ ಮೇಲೆಯೇ ನನಗೆ ತಿಳಿದದ್ದು. ನಮ್ಮ ಕಡೆ ಮದುವೆಯಾದರೆ ಅಡ್ಡಹೆಸರು ಮಾತ್ರವಲ್ಲ, ಹಲವು ಮನೆಗಳಲ್ಲಿ ಹುಡುಗಿಯ ಹೆಸರನ್ನೇ ಬದಲಿಸುತ್ತಿದ್ದರು. ಅದರ ಮೇಲೆ, ಮರಣ ನೋಂದಣಿಯಾಗುವುದು ಸಾವು ಸಂಭವಿಸಿದ ಊರಿನಲ್ಲಿಯೇ ಹೊರತು ತವರಿನಲ್ಲಲ್ಲ. ಹಾಗಾಗಿ ಅಂಕೋಲಾದ ಹುಡುಗಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೆರಿಗೆಯ ಹೊತ್ತಿಗೆ ತೀರಿಕೊಂಡಿದ್ದರೆ, ಅಂಕೋಲಾದಲ್ಲಿ ಅವಳ ಶಾಲೆಯ ಹೆಸರು ಹಿಡಿದು ಹುಡುಕಿ ಪ್ರಯೋಜನವಿಲ್ಲ. ಅವಳು ಬೇರೆ ಹೆಸರಿನಲ್ಲಿ, ಬೇರೆ ಊರಿನ ಪುಸ್ತಕದಲ್ಲಿರುತ್ತಾಳೆ. ನಾನು ಎರಡು ತಿಂಗಳು ಕಚೇರಿಗಳಿಗೆ ಅಲೆದು ಇದನ್ನು ಕಲಿತೆ. ಆಮೇಲೆ ಕಾಗದದ ದಾರಿ ಬಿಟ್ಟು ನೇರವಾಗಿ ತವರಿನ ದಾರಿ ಹಿಡಿದೆ. ಹೊನ್ನಾವರದ ಕ್ರಿಶ್ಚಿಯನ್ ಗೆಳತಿಯೊಬ್ಬಳ ವಿಷಯ ಮಾತ್ರ ಸುಲಭವಾಯಿತು: ನವೆಂಬರ್ 2ರಂದು, ಸತ್ತವರ ದಿನ, ಅವಳ ತಂಗಿಯ ಜೊತೆ ಸಮಾಧಿಗೆ ಹೋದೆ, ಕಲ್ಲಿನ ಮೇಲೆ ಎಲ್ಲವೂ ಇತ್ತು.

ಯಾವ ಮನೆಗೆ ಯಾವಾಗ ಹೋಗಬೇಕು ಎಂಬುದೂ ಮುಖ್ಯ. ಬೇಲೆಕೇರಿಯ ಹತ್ತಿರದ ಮೀನುಗಾರರ ಮನೆಗೆ ಎರಡು ಸಲ ಹೋಗಿ ಬರಿಗೈಯಲ್ಲಿ ಮರಳಿದೆ, ಅಣ್ಣಂದಿರು ಬೋಟಿನಲ್ಲಿದ್ದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಮಳೆಯಲ್ಲಿ ಹೋದಾಗ ಮೂವರೂ ಜಗಲಿಯಲ್ಲಿ ಬಲೆ ಸರಿ ಮಾಡುತ್ತ ಕುಳಿತಿದ್ದರು, ಸಂಜೆಯವರೆಗೂ ಮಾತಾಡಿದರು. ಘಟ್ಟದ ಮೇಲಿನ ತೋಟಿಗರ ಮನೆಗಳಿಗೆ ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹೋಗುತ್ತಿದ್ದೆ. ಹತ್ತು ಜನ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತಿರುತ್ತಾರೆ, ಕಣ್ಣು ಕೈಕೆಲಸದ ಮೇಲಿರುತ್ತದೆ. ಎದುರುಬದುರು ಕುಳಿತು ಕೇಳಿದರೆ ಅಳು ಬರುವ ಮಾತುಗಳು ಅಲ್ಲಿ ತಾವಾಗಿಯೇ ಬರುತ್ತವೆ. ನಾನೂ ಒಂದು ಕತ್ತಿ ಕೇಳಿ ಪಡೆದು ಸುಲಿಯುತ್ತ ಕೂರುತ್ತಿದ್ದೆ. ಟಿಪ್ಪಣಿಯನ್ನು ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದೆ.

ನನ್ನಿಂದ ಒಂದು ದೊಡ್ಡ ತಪ್ಪಾಯಿತು, ಅದನ್ನು ಮುಚ್ಚಿಡಬಾರದು. ಯಲ್ಲಾಪುರ ಕಡೆಯ ಗೆಳತಿಯೊಬ್ಬಳು ತೀರಿಕೊಂಡಿದ್ದಾಳೆಂದು ಮೂವರು ಹೇಳಿದ್ದರು. ಮೂರು ಬಾಯಿಂದ ಬಂದ ಮಾತು ಎಂದು ನಂಬಿ ಅವಳ ಪುಟ ಬರೆದು, ಕರಡನ್ನು ಇಪ್ಪತ್ತು ಜನರಿಗೆ ಕಳಿಸಿದೆ. ವಾರದ ನಂತರ ಅವಳದೇ ಫೋನು ಬಂತು. "ಹೋದವಳು ನಾನಲ್ಲ ಮಾರಾಯ್ತಿ, ನನ್ನ ತಂಗಿ" ಎಂದಳು. ಎರಡು ತರಗತಿ ಕೆಳಗಿದ್ದ ತಂಗಿ. ಹಾಸ್ಟೆಲ್ಲಿನಲ್ಲಿ ನಾವು ಎಲ್ಲರನ್ನೂ ಊರಿನ ಹೆಸರಿನಿಂದಲೇ ಕರೆಯುತ್ತಿದ್ದುದರಿಂದ ಇಬ್ಬರೂ ನೆನಪಿನಲ್ಲಿ ಒಬ್ಬಳೇ ಆಗಿಹೋಗಿದ್ದರು. ಆ ಮೂವರಿಗೂ ಸುದ್ದಿ ಹೇಳಿದ್ದು ಒಬ್ಬರೇ. ನಾನು ಮಾರನೆಯ ದಿನವೇ ಹೊರಟು ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವಳು ಬೈಯಲಿಲ್ಲ. ತಂಗಿಯ ಪುಟವನ್ನು ತಾನೇ ಬರೆದುಕೊಟ್ಟಳು, ಪುಸ್ತಕದಲ್ಲಿ ಅತ್ಯಂತ ಚೆನ್ನಾಗಿರುವ ಪುಟ ಅದು. ಅಂದಿನಿಂದ ಯಾರು ಏನೇ ಹೇಳಿದರೂ "ನಿಮಗೆ ಇದನ್ನು ಹೇಳಿದವರು ಯಾರು?" ಎಂದು ಕೇಳಿ ಪಕ್ಕದಲ್ಲಿ ಬರೆದುಕೊಂಡೆ, ಮನೆಯವರೊಬ್ಬರನ್ನಾದರೂ ಕಾಣದೆ ಯಾವ ಸಾವನ್ನೂ ಪುಸ್ತಕಕ್ಕೆ ಸೇರಿಸಲಿಲ್ಲ.

ಒಬ್ಬಳು ತಾನಾಗಿಯೇ ಜೀವ ಕಳೆದುಕೊಂಡವಳು. ಅವಳ ತಮ್ಮ "ವರ್ಷ ಬರೀರಿ ಅಕ್ಕಾ, ಅಷ್ಟು ಸಾಕು" ಎಂದ. ನಾನು ವರ್ಷ ಮಾತ್ರ ಬರೆದೆ. ಸತ್ಯವನ್ನು ಮರೆಮಾಡಿದಂತಾಯಿತು ಎಂದು ಗೆಳತಿಯರಲ್ಲಿ ಇಬ್ಬರು ಆಕ್ಷೇಪಿಸಿದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅವಳು ಹೇಗೆ ಸತ್ತಳೆಂದು ತಿಳಿಯುವ ಆತುರವಿದ್ದವರಲ್ಲಿ ಹೆಚ್ಚಿನವರಿಗೆ, ಅವಳು ಗಣಿತದಲ್ಲಿ ನಮಗೆಲ್ಲ ಹೇಳಿಕೊಡುತ್ತಿದ್ದಳು ಎಂಬುದೇ ನೆನಪಿರಲಿಲ್ಲ. ಆ ಸಂಗತಿ ಪುಟದ ಮೊದಲ ಸಾಲಿನಲ್ಲಿದೆ.

ಹೆರಿಗೆಯಲ್ಲಿ ತೀರಿಕೊಂಡ ಆ ಅಂಕೋಲಾದ ಗೆಳತಿಯ ತಾಯಿಯನ್ನು ಕಂಡದ್ದು ಭಾದ್ರಪದದಲ್ಲಿ. ಮುತ್ತೈದೆಯಾಗಿ ಹೋದವರಿಗೆ ಪಕ್ಷಮಾಸದ ಅವಿಧವಾ ನವಮಿಯಂದು ಎಡೆ ಇಡುವುದು ಗಂಡನ ಮನೆಯವರ ಹಕ್ಕು. ಅಳಿಯ ಮತ್ತೆ ಮದುವೆಯಾಗಿ ದೂರ ಹೋದ ಮೇಲೆ ಅದು ನಡೆಯುತ್ತದೆಯೋ ಇಲ್ಲವೋ ಈ ತಾಯಿಗೆ ತಿಳಿಯದು. ಫೋಟೋ ಇದೆಯೇ ಎಂದು ಕೇಳಿದೆ. ಅವರು ಒಳಗೆ ಹೋಗಿ ಒಂದು ಸ್ಟೀಲ್ ತಟ್ಟೆ ತಂದರು. ಹಾಸ್ಟೆಲ್ಲಿಗೆ ಹೋಗುವಾಗ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕಿಸಿದ ತಟ್ಟೆ. ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರಗಳಲ್ಲಿ ಎರಡನೆಯದರ ಒತ್ತು ಬಿಟ್ಟುಹೋಗಿತ್ತು. ಆ ಬಿಟ್ಟ ಒತ್ತಿಗಾಗಿ ನಾವು ಅವಳನ್ನು ಅದೆಷ್ಟು ಗೋಳು ಹೊಯ್ದುಕೊಂಡಿದ್ದೆವು ಎಂಬುದು ನನಗೆ ಒಮ್ಮೆಲೇ ನೆನಪಾಯಿತು. ತಿಕ್ಕಿ ತಿಕ್ಕಿ ಅಂಚು ತೆಳುವಾಗಿತ್ತು. "ನವಮಿ ದಿನ ಇದ್ರಲ್ಲೇ ಒಂದು ಸೌಟು ಪಾಯ್ಸ ಇಡ್ತೆ ತಂಗೀ, ಯಾರಿಗೂ ಹೇಳೂದಿಲ್ಲ" ಎಂದರು. ಅವಳ ಪುಟದಲ್ಲಿ ಫೋಟೋ ಇರಬೇಕಾದ ಜಾಗದಲ್ಲಿ ಆ ತಟ್ಟೆಯ ಚಿತ್ರವಿದೆ. ಪಾಯಸದ ಮಾತನ್ನು ಇಲ್ಲಿ ಬರೆಯಲು ಅವರನ್ನು ಕೇಳಿಯೇ ಬರೆದಿದ್ದೇನೆ.

ಮುದ್ರಣಕ್ಕೆ ಕೊಡುವ ಮೊದಲು ಪ್ರತಿ ಪುಟವನ್ನೂ ಆಯಾ ಮನೆಗೆ ಹೋಗಿ ಗಟ್ಟಿಯಾಗಿ ಓದಿದೆ. ಓದು ಬಾರದ ತಾಯಂದಿರಿದ್ದರು, ಕಣ್ಣು ಮಂಜಾದವರಿದ್ದರು. ಅವರು ತಿದ್ದಿದ್ದೆಲ್ಲ ಸಣ್ಣ ಸಂಗತಿಗಳನ್ನೇ: ಅವಳಿಗೆ ಕತ್ತಲೆಯ ಹೆದರಿಕೆ ಇರಲಿಲ್ಲ, ಗುಡುಗಿನದು ಇತ್ತು; ಟ್ರಂಕಿನಲ್ಲಿ ತರುತ್ತಿದ್ದದ್ದು ಹಲಸಿನ ಹಪ್ಪಳವಲ್ಲ, ಬಾಳೆಕಾಯಿಯದು. ಅವರು ಹೇಳಿದಂತೆಯೇ ತಿದ್ದಿದೆ.

ಒಂದು ಪುಟ ಇನ್ನೂ ಅರ್ಧವಾಗಿದೆ. ಅವಳು ಹಳೆಯ ಸೂಪಾದವಳು. ಕಾಳಿ ನದಿಗೆ ಅಣೆಕಟ್ಟು ಬಂದು ಅವಳ ಊರು ನೀರಿನಡಿ ಹೋಯಿತು, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು, ಮುಳುಗಡೆಯಾದ ಬಹಳ ಕುಟುಂಬಗಳು ರಾಮನಗರದಲ್ಲಿ ನೆಲೆಸಿದವು. ದಾಖಲಾತಿ ಪುಸ್ತಕದಲ್ಲಿರುವ ವಿಳಾಸಕ್ಕೆ ಹೋಗಲು ಈಗ ದಾರಿಯಿಲ್ಲ. ಅವಳ ತಂದೆಯ ಹೆಸರು, ನಮ್ಮ ಕೋಣೆಯಲ್ಲಿ ಅವಳು ಮಲಗುತ್ತಿದ್ದ ಕಿಟಕಿಯ ಪಕ್ಕದ ಜಾಗ, ಅವಳು ಕೊಂಕಣಿಯಲ್ಲಿ ಎಣಿಸುತ್ತಿದ್ದ ರೀತಿ, ಇಷ್ಟನ್ನು ಬರೆದು ಕೆಳಗೆ ಜಾಗ ಬಿಟ್ಟಿದ್ದೇನೆ. ಅವಳ ಚಿಕ್ಕಪ್ಪನ ಮಗ ರಾಮನಗರದಲ್ಲಿ ಇದ್ದಾನೆಂದು ಕಳೆದ ತಿಂಗಳು ಒಬ್ಬರು ಹೇಳಿದರು. ಯಾರಿಂದ ಕೇಳಿದಿರಿ ಎಂದು ಬರೆದುಕೊಂಡಿದ್ದೇನೆ. ಮಳೆ ಬಿಟ್ಟ ಮೇಲೆ ಹೋಗುತ್ತೇನೆ.