ಕೈ ಕುಲುಕಿಸಿದ್ದೇ ನನ್ನ ತಪ್ಪು

ನಮ್ಮ ಚರ್ಚ್ ಸಭೆಯ ಇಬ್ಬರು ಹಿರಿಯರು ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಕಟ್ಟಡ ನಿಧಿಯ ಲೆಕ್ಕದ ವಿಷಯ: ಒಬ್ಬರು ಖಜಾಂಚಿ, ಇನ್ನೊಬ್ಬರು ಲೆಕ್ಕ ಕೇಳಿದವರು. ಒಬ್ಬರು ಮುಂದಿನ ಸಾಲಲ್ಲಿ ಕೂತರೆ ಇನ್ನೊಬ್ಬರು ಬಾಗಿಲ ಹತ್ತಿರ. ರಾಜಿ ಮಾಡಿಸುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ.

ಮೊದಲ ಸಲ ಮಾಡಿದ್ದು ಬರೀ ಅವಸರ. ಆರಾಧನೆ ಮುಗಿದ ಮೇಲೆ ಇಬ್ಬರನ್ನೂ ಪಕ್ಕದ ಕೋಣೆಗೆ ಕರೆದೆ. ‘ಕ್ರಿಸ್ತನು ನಮ್ಮನ್ನು ಕ್ಷಮಿಸಲಿಲ್ವಾ?’ ಎಂದು ಶುರುಮಾಡಿ, ಪ್ರಾರ್ಥನೆ ಮಾಡಿ, ಕೈ ಕುಲುಕಿಸಿದೆ. ಹತ್ತು ನಿಮಿಷದ ಕೆಲಸ. ಮೂರನೇ ವಾರಕ್ಕೆ ಜಗಳ ಹೆಂಡತಿಯರವರೆಗೂ ಹೋಗಿತ್ತು. ಬೈಬಲಿನ ಯೆರೆಮೀಯ 6:14ರಲ್ಲಿ, ಗಾಯವನ್ನು ಮೇಲಮೇಲೆ ವಾಸಿಮಾಡಿ, ಸಮಾಧಾನ ಇಲ್ಲದಾಗಲೂ ‘ಸಮಾಧಾನ, ಸಮಾಧಾನ’ ಅನ್ನುವವರ ಮಾತು ಬರುತ್ತದೆ. ಅದು ಬೇರೆ ಯಾರದೋ ಬಗ್ಗೆ ಅಂದುಕೊಂಡಿದ್ದೆ.

ಮತ್ತಾಯ 18ರಲ್ಲಿ ಯೇಸು ಹೇಳುವ ಕ್ರಮ ಬೇರೆ. ಮೊದಲು ಇಬ್ಬರೇ ಮಾತಾಡಬೇಕು, ಆಗದಿದ್ದರೆ ಒಂದಿಬ್ಬರು ಜೊತೆಗೆ ಬರಬೇಕು, ಸಭೆಯ ಮುಂದೆ ಹೇಳುವುದು ಆಮೇಲೆ. ನಮ್ಮಲ್ಲಿ ಲೆಕ್ಕದ ಪ್ರಶ್ನೆ ಎದ್ದದ್ದೇ ಎಲ್ಲರೂ ಕೂತಿದ್ದ ವಾರ್ಷಿಕ ಸಭೆಯಲ್ಲಿ. ಸರಿ, ಪ್ರಶ್ನೆ ಕೇಳಿದವರದೇ ತಪ್ಪು ಅಂತ ಮನಸ್ಸಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಆಮೇಲೆ ಇಬ್ಬರ ಮನೆಗೂ ಬೇರೆ ಬೇರೆ ಹೋದೆ. ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ: ಅವರು ಹೇಳಿದ್ದನ್ನು ನನ್ನ ಮಾತಲ್ಲಿ ತಿರುಗಿ ಹೇಳಬೇಕು, ಅವರು ‘ಹೌದು, ಅದೇ’ ಅನ್ನೋವರೆಗೂ. ಖಜಾಂಚಿ ನಾಲ್ಕು ಸಲ ‘ಅದಲ್ಲ ಬ್ರದರ್’ ಅಂದರು. ನಾನು ಸುಮ್ಮನಾದೆ. ಆಗ ಎದ್ದುಹೋಗಿ ರಶೀದಿ ಡಬ್ಬ ತಂದು ಮುಂದಿಟ್ಟರು. ತಿಂಗಳುವಾರು ಜೋಡಿಸಿ ದಾರ ಕಟ್ಟಿದ್ದ ಕಟ್ಟುಗಳು. ‘ಅವತ್ತು ನನ್ನ ಮಗ ಅಲ್ಲೇ ಕೂತಿದ್ದ’ ಅಂದರು. ಅಷ್ಟೇ.

ಇನ್ನೊಬ್ಬರ ಮನೆಯಲ್ಲಿ ನನ್ನ ತೀರ್ಪು ಬಿದ್ದುಹೋಯಿತು. ‘ಮೂರು ಸಲ ಒಬ್ಬನೇ ಹೋಗಿ ಕೇಳಿದ್ದೆ. ನೋಡೋಣ ಅಂದ್ರು.’

ನಡುವೆ ಸಾಕಪ್ಪಾ ಅನ್ನಿಸಿದಾಗ ಆಫ್ರಿಕಾದ ಮೊಜಾಂಬಿಕ್ ದೇಶ ನೆನಪಾಗುತ್ತಿತ್ತು. ಅಲ್ಲಿನ ಅಂತರ್ಯುದ್ಧ ನಿಲ್ಲಿಸಲು ರೋಮಿನ ಸಂತ ಎಜಿಡಿಯೊ ಎಂಬ ಕ್ರೈಸ್ತ ಸಮುದಾಯ ಸರ್ಕಾರದವರನ್ನೂ ಬಂಡುಕೋರರನ್ನೂ ಎದುರುಬದುರು ಕೂರಿಸಿತ್ತು. ಮಾತು ಶುರುವಾಗಿದ್ದು 1990ರ ಜುಲೈನಲ್ಲಿ, ಸಹಿ ಬಿದ್ದದ್ದು 1992ರ ಅಕ್ಟೋಬರ್ 4ರಂದು. ನನ್ನ ಮುಂದೆ ಇದ್ದದ್ದು ಎರಡು ಮನೆ, ಒಂದು ಡಬ್ಬ.

ಈ ಸಲ ಕ್ಷಮೆಯ ಮಾತು ಎತ್ತಲೇ ಇಲ್ಲ. ಇಬ್ಬರೂ ಒಪ್ಪಿದ ಮೂರನೆಯವರೊಬ್ಬರ ಜೊತೆ ಕೂತು ಡಬ್ಬ ಬಿಚ್ಚಿದೆವು. ಲೆಕ್ಕ ಸರಿಯಿತ್ತು. ಎರಡು ರಶೀದಿ ಸಿಗಲಿಲ್ಲ. ‘ಮುಂಚೆಯೇ ತೋರಿಸಬೇಕಿತ್ತು’ ಎಂದು ಖಜಾಂಚಿಯೇ ಅಂದರು. ಇನ್ನೊಬ್ಬರು ಮುಂದಿನ ಸಭೆಯಲ್ಲಿ ಎದ್ದುನಿಂತು, ಎಲ್ಲರ ಮುಂದೆ ಹಾಗೆ ಕೇಳಬಾರದಿತ್ತು ಎಂದು ಹೇಳಿದರು. ಮಗ ಅವತ್ತು ಬಂದಿರಲಿಲ್ಲ. ಸಂಜೆ ಮನೆಗೇ ಹೋಗಿ ಅವನ ಮುಂದೆ ಇನ್ನೊಮ್ಮೆ ಹೇಳಿ ಬಂದರಂತೆ.

ಈಗಲೂ ಬೇರೆ ಬೇರೆ ಸಾಲಲ್ಲೇ ಕೂರುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಪ್ರತಿ ತಿಂಗಳೂ ಇಬ್ಬರ ಸಹಿ ಇರುತ್ತದೆ.