ಓವೆನ್ ಕರಡುಗಳ ಜತೆ ಕೂತು ಅನುವಾದಿಸಿದ್ದು

ಮೊದಲ ಮಹಾಯುದ್ಧದಲ್ಲಿ ಕಾದಾಡಿದ ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವೆನ್‌ನ ಹದಿನಾಲ್ಕು ಸಾಲುಗಳ ಒಂದು ಕವಿತೆಯನ್ನು ಕನ್ನಡಕ್ಕೆ ತರಲು ನನಗೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು. ‘ಆಂಥೆಮ್ ಫಾರ್ ಡೂಮ್ಡ್ ಯೂತ್’ ಆ ಕವಿತೆ. ಅಚ್ಚಾದ ಸಂಕಲನವನ್ನು ಮುಂದಿಟ್ಟುಕೊಂಡು ಎರಡೇ ಸಂಜೆಗಳಲ್ಲಿ ಮಾಡಿದ್ದ ನನ್ನ ಮೊದಲ ಅನುವಾದದಲ್ಲಿ ಅರ್ಥದ ತಪ್ಪೇನೂ ಇರಲಿಲ್ಲ; ಆದರೆ ಗಟ್ಟಿಯಾಗಿ ಓದಿದಾಗಲೆಲ್ಲ ಅದು ಸಭೆಯೊಂದರಲ್ಲಿ ಸಲ್ಲಿಸಿದ ಶ್ರದ್ಧಾಂಜಲಿಯಂತೆ ಕೇಳಿಸುತ್ತಿತ್ತು, ಮೂಲದ ಸಿಟ್ಟು ಅದಕ್ಕೆ ಇಳಿದಿರಲಿಲ್ಲ. ಎಲ್ಲಿ ಎಡವಿದ್ದೇನೆಂಬುದು ತಿಳಿದದ್ದು ಕವಿಯ ಕಾಗದಪತ್ರಗಳ ಕಡೆಗೆ ಹೊರಳಿದ ಮೇಲೆ.

ಓವೆನ್‌ನ ವಿಷಯದಲ್ಲಿ ಕಾಗದಪತ್ರಗಳೆಂದರೆ ಕವಿತೆಯ ಹಿನ್ನೆಲೆಯಲ್ಲ, ಬಹುಮಟ್ಟಿಗೆ ಕವಿತೆಯೇ. ಯುದ್ಧ ನಿಲ್ಲಲು ಒಂದು ವಾರ ಬಾಕಿಯಿರುವಾಗ, 1918ರ ನವೆಂಬರ್ 4ರಂದು, ಉತ್ತರ ಫ್ರಾನ್ಸಿನಲ್ಲಿ ಕಾಲುವೆಯೊಂದನ್ನು ದಾಟುವ ಕಾಳಗದಲ್ಲಿ ಅವನು ಸತ್ತಾಗ ಅವನಿಗೆ 25 ವರ್ಷ. ಅಚ್ಚಿನಲ್ಲಿ ಬಂದಿದ್ದ ಕವಿತೆಗಳು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ತಿದ್ದಿದ, ಮತ್ತೆ ತಿದ್ದಿದ, ಎಷ್ಟೋ ಕಡೆ ಇದೇ ಕೊನೆಯದೆಂದು ಕವಿ ಹೇಳದೆ ಬಿಟ್ಟುಹೋದ ಹಾಳೆಗಳಲ್ಲಿತ್ತು. ಆ ಹಾಳೆಗಳಿಂದಲೇ ಓವೆನ್‌ನ ಕವಿಮಿತ್ರ ಸೀಗ್‌ಫ್ರೀಡ್ ಸಸೂನ್ ಮತ್ತು ಈಡಿತ್ ಸಿಟ್ವೆಲ್ 1920ರಲ್ಲಿ ಒಂದು ಚಿಕ್ಕ ಸಂಕಲನವನ್ನೂ, ಎಡ್ಮಂಡ್ ಬ್ಲಂಡೆನ್ 1931ರಲ್ಲಿ ಇನ್ನಷ್ಟು ದೊಡ್ಡದನ್ನೂ ತಂದರು. 1934ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರಿದ ಕವಿತೆಗಳ ಹಸ್ತಪ್ರತಿಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ, ಪುಸ್ತಕಗಳೂ ಬೇರೆ ಬೇರೆ ಕಾಗದಗಳೂ ಆಕ್ಸ್‌ಫರ್ಡಿನಲ್ಲಿವೆ, ಪತ್ರಗಳ ದೊಡ್ಡ ಭಾಗ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿದೆ. ಇವುಗಳಲ್ಲಿ ಯಾವ ಊರಿಗೂ ಹೋಗುವ ಅನುಕೂಲ ನನಗಿರಲಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಮೊದಲ ಮಹಾಯುದ್ಧದ ಕವಿಗಳ ಕಾಗದಗಳ ಚಿತ್ರಗಳನ್ನು 2008ರಿಂದ ಎಲ್ಲರೂ ನೋಡುವಂತೆ ತೆರೆದಿಟ್ಟಿರುವುದರಿಂದಲೇ ಮನೆಯ ಮೇಜಿನ ಮುಂದೆ ಕೂತು ಈ ಕೆಲಸ ಮಾಡಲು ಸಾಧ್ಯವಾಯಿತು, ಅದಕ್ಕಾಗಿ ನಾನು ಆ ವಿಶ್ವವಿದ್ಯಾಲಯಕ್ಕೆ ಋಣಿ.

ನಾನು ಅನುಸರಿಸಿದ ಕ್ರಮ ಸರಳವಾದದ್ದು. ಪರದೆಯ ಮೇಲೆ ಒಂದು ಕರಡನ್ನು ಹಿಗ್ಗಿಸಿ, ಅದರ ಪ್ರತಿ ಸಾಲನ್ನೂ ಉದ್ದ ನೋಟ್‌ಬುಕ್ಕಿನಲ್ಲಿ ಕೈಯಿಂದ ನಕಲು ಮಾಡಿಕೊಂಡೆ: ಓವೆನ್ ಬರೆದದ್ದನ್ನು ನೀಲಿಯಲ್ಲಿ, ಹೊಡೆದುಹಾಕಿದ್ದನ್ನು ಹೊಡೆದುಹಾಕಿಯೇ, ಸಸೂನ್‌ನ ಕೈಬರಹವನ್ನು ಕೆಂಪಿನಲ್ಲಿ. ಮೊದಲ ವಾರ ಪೆನ್ಸಿಲ್ಲಿನ ತಿದ್ದುಪಡಿಗಳನ್ನೂ ಓವೆನ್‌ನದೆಂದೇ ತಿಳಿದು ನೀಲಿಯಲ್ಲಿ ಬರೆದುಕೊಂಡಿದ್ದೆ. ಅದು ಗೆಳೆಯನ ಕೈ ಎಂದು ಗೊತ್ತಾದಾಗ ಆ ಪುಟಗಳನ್ನೆಲ್ಲ ಮೊದಲಿನಿಂದ ಬರೆಯಬೇಕಾಯಿತು. ಕರಡುಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬ ಪ್ರಶ್ನೆಗೆ ನಾನು ನಂಬಿದ್ದು 1983ರಲ್ಲಿ ಓವೆನ್‌ನ ಸಮಗ್ರ ಕವಿತೆಗಳನ್ನು ಸಂಪಾದಿಸಿದ ಜಾನ್ ಸ್ಟಾಲ್‌ವರ್ದಿಯವರನ್ನು. ಅವರು ಕಾಗದವನ್ನು ಬೆಳಕಿಗೆ ಹಿಡಿದು, ಅದರೊಳಗಿನ ನೀರುಗುರುತನ್ನು (ವಾಟರ್‌ಮಾರ್ಕ್) ತಾರೀಖಿರುವ ಪತ್ರಗಳ ಕಾಗದದೊಂದಿಗೆ ಹೋಲಿಸಿ, ಯಾವ ಹಾಳೆ ಯಾವ ಕಾಲದ್ದೆಂದು ನಿರ್ಧರಿಸಿದರು. ತಾಳ್ಮೆಯ ಇಂಥ ಕೆಲಸದ ಮುಂದೆ ಅನುವಾದಕನ ಶ್ರಮ ಸಣ್ಣದೆಂದು ನಾನು ಮನಸಾರೆ ಒಪ್ಪುತ್ತೇನೆ.

ಓವೆನ್ ಮತ್ತು ಸಸೂನ್ ಭೇಟಿಯಾದದ್ದು 1917ರ ಆಗಸ್ಟ್‌ನಲ್ಲಿ, ಎಡಿನ್‌ಬರೋ ಹತ್ತಿರದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ. ಯುದ್ಧದ ಆಘಾತದಿಂದ ಮನಸ್ಸು ಕೆಟ್ಟ ಅಧಿಕಾರಿಗಳಿಗೆಂದು ಇದ್ದ ಆಸ್ಪತ್ರೆ ಅದು. ಸಸೂನ್‌ಗೆ ಚಿಕಿತ್ಸೆ ನೀಡುತ್ತಿದ್ದ ಡಬ್ಲ್ಯು. ಎಚ್. ಆರ್. ರಿವರ್ಸ್ ಅದಕ್ಕೆ ಎಷ್ಟೋ ವರ್ಷ ಮೊದಲು ನಮ್ಮ ಗಡಿಗೆ ತಾಗಿರುವ ನೀಲಗಿರಿಗೆ ಬಂದು ತೋಡರ ನಡುವೆ ಅಧ್ಯಯನ ಮಾಡಿ, 1906ರಲ್ಲಿ ಅವರ ಬಗ್ಗೆ ಗ್ರಂಥ ಬರೆದವರು ಎಂಬುದನ್ನು ಓದಿದಾಗ ಆ ದೂರದ ಆಸ್ಪತ್ರೆ ನನಗೆ ಸ್ವಲ್ಪ ಹತ್ತಿರವಾಯಿತು. ಈ ಗೆಳೆಯರು ಅಲ್ಲಿ ಒಟ್ಟಿಗಿದ್ದದ್ದು ಮೂರು ತಿಂಗಳೂ ಪೂರ್ತಿ ಅಲ್ಲ. ಅಷ್ಟರಲ್ಲೇ ಕವಿ ರಾಬರ್ಟ್ ಗ್ರೇವ್ಸ್ ಅಲ್ಲಿಗೆ ಬಂದುಹೋದ, ಓವೆನ್‌ನ ಛಂದಸ್ಸು ಸಡಿಲವೆಂದು ಆಕ್ಷೇಪಿಸಿದ, ಕವಿತೆಯನ್ನು ಮಾತ್ರ ಮನಸ್ಸು ಬಿಚ್ಚಿ ಹೊಗಳಿದ. ಸಸೂನ್ ಕೊಟ್ಟ ಪರಿಚಯದಿಂದ ಲಂಡನ್ನಿನಲ್ಲಿ ರಾಬರ್ಟ್ ರಾಸ್, ಅವನ ಮೂಲಕ ಲೇಖಕರಾದ ಆರ್ನಾಲ್ಡ್ ಬೆನೆಟ್ ಮತ್ತು ಎಚ್. ಜಿ. ವೆಲ್ಸ್, ಹೀಗೆ ಬಳಗ ಬೆಳೆಯಿತು. ಈ ಹೆಸರುಗಳು ಜೀವನಚರಿತ್ರೆಗೆ ಮುಖ್ಯವಾದವು. ನನ್ನ ಕೆಲಸಕ್ಕೆ ಬೇಕಾಗಿದ್ದದ್ದು ಮೊದಲ ಗೆಳೆಯನ ಪೆನ್ಸಿಲ್ ಮಾತ್ರ.

ಕರಡಿನ ತಲೆಬರಹದಲ್ಲಿ ಓವೆನ್ ಬರೆದದ್ದು ‘ಡೆಡ್ ಯೂತ್’, ಅಂದರೆ ಸತ್ತ ಹರೆಯ. ಸಸೂನ್ ‘ಡೆಡ್’ ಎಂಬುದನ್ನು ಹೊಡೆದು ‘ಡೂಮ್ಡ್’ ಎಂದು ಬರೆದಿದ್ದಾನೆ. ‘ಆಂಥೆಮ್’ (ಸ್ತುತಿಗೀತೆ) ಎಂಬ ಪದವೂ ಸಸೂನ್ ಕೊಟ್ಟದ್ದೇ, ತನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ ಎಂದು ಓವೆನ್ ಆ ಸೆಪ್ಟೆಂಬರಿನಲ್ಲಿ ತಾಯಿಗೆ ಬರೆದ. ಆ ಒಂದು ಪದ ಬದಲಾದೊಡನೆ ಕವಿತೆಯಲ್ಲಿರುವವರು ಶವಗಳಾಗಿ ಉಳಿಯುವುದಿಲ್ಲ. ಅವರಿನ್ನೂ ಬದುಕಿದ್ದಾರೆ, ಉಸಿರಾಡುತ್ತಿದ್ದಾರೆ, ಸಾವು ಮಾತ್ರ ತೀರ್ಮಾನವಾಗಿಹೋಗಿದೆ. ನನ್ನ ಮೊದಲ ಅನುವಾದ ‘ಅಗಲಿದ ತರುಣರಿಗೆ’ ಎಂದಿತ್ತು, ಎಂದರೆ ಸಸೂನ್ ಹೊಡೆದುಹಾಕಿದ ಪದಕ್ಕೆ ನಾನು ಮರಳಿ ಹೋಗಿದ್ದೆ. ‘ಬಲಿಯಾದ’ ಎಂದು ಬರೆದು ನೋಡಿದೆ. ಆದರೆ ಬಲಿ ಎಂದರೆ ಪಡೆಯುವ ದೇವತೆಯೊಂದು ಇರಬೇಕು, ಸಾವಿಗೆ ಒಂದು ಪಾವಿತ್ರ್ಯ ಬಂದುಬಿಡುತ್ತದೆ, ಓವೆನ್ ನಿರಾಕರಿಸುವುದು ಅದನ್ನೇ. ‘ಹಣೆಬರಹ’ ಎಂದರೆ ಅವರನ್ನು ಅಲ್ಲಿಗೆ ಕಳಿಸಿದವರ ಹೊಣೆ ಕಳಚಿಹೋಗುತ್ತದೆ. ಕೊನೆಗೆ ‘ಸಾಯಲಿರುವ ಹರೆಯಕ್ಕೆ’ ಎಂದು ಬರೆದೆ, ಅಲಂಕಾರವಿಲ್ಲದ ಆ ಪದವೇ ನಿಂತಿತು.

ಮೊದಲ ಸಾಲು ಇನ್ನೂ ಕಷ್ಟವಾಯಿತು. ಅಚ್ಚಿನಲ್ಲಿರುವುದು ದನಗಳಂತೆ ಸಾಯುವ ಇವರಿಗೆ ಯಾವ ಸಾವಿನ ಗಂಟೆ ಎಂಬ ಪ್ರಶ್ನೆ. ಕನ್ನಡದಲ್ಲಿ ದನವೆಂದರೆ ಕೊಟ್ಟಿಗೆಯ ಬದುಕು, ಹೆಸರಿಟ್ಟು ಕರೆಯುವ ಜೀವ. ಕಸಾಯಿಖಾನೆ ಮೊದಲು ನೆನಪಾಗುವುದಿಲ್ಲ. ‘ಕುರಿಗಳಂತೆ’ ಎಂದರೆ ಮರುಳರ ಗುಂಪು ಎಂಬ ಅರ್ಥ ನುಸುಳುತ್ತದೆ. ಕರಡುಗಳಲ್ಲಿ ನೋಡಿದರೆ ಓವೆನ್ ಒಮ್ಮೆ ‘ಇಷ್ಟು ಬೇಗ ಸಾಯುವ’ ಎಂದಿದ್ದಾನೆ, ಇನ್ನೊಮ್ಮೆ ‘ಹಿಂಡಾಗಿ ಸಾಯುವ’ ಎಂದಿದ್ದಾನೆ. ಅವನೇ ಬಿಟ್ಟುಕೊಟ್ಟ ಆ ಪದ ನನಗೆ ಒದಗಿತು: ‘ಹಿಂಡು ಹಿಂಡಾಗಿ ಸಾಯುವ ಇವರಿಗೆ ಯಾವ ಸಾವಿನ ಗಂಟೆ?’ ಕವಿ ಕೈಬಿಟ್ಟದ್ದನ್ನು ಅನುವಾದಕ ಎತ್ತಿಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಕೊನೆಯ ಪದದ ಭಾವಕ್ಕೆ ನಮ್ಮ ಭಾಷೆಯಲ್ಲಿ ಅದೇ ಹೆಚ್ಚು ಹತ್ತಿರವಾಗಿದ್ದರೆ ಎತ್ತಿಕೊಳ್ಳಬಹುದು ಎಂದು ನನ್ನ ನಂಬಿಕೆ. ಗಂಟೆಯನ್ನು ಮಾತ್ರ ಬದಲಿಸಲಿಲ್ಲ. ಶಂಖ ಜಾಗಟೆಗಳ ಆಸೆ ಬಂದರೂ, ಮುಂದೆ ಬರುವ ಪ್ರಾರ್ಥನೆ, ಗಾಯಕವೃಂದ, ಮೇಣದಬತ್ತಿಗಳೆಲ್ಲ ಇಗರ್ಜಿಯವೇ. ಎರಡನೆಯ ಸಾಲಿನಲ್ಲಿ ‘ನಮ್ಮ ಫಿರಂಗಿ’ ಎಂದಿದ್ದದ್ದು ಕೊನೆಗೆ ಬರಿಯ ‘ಫಿರಂಗಿ’ ಆಗಿರುವುದನ್ನೂ ನೋಟ್‌ಬುಕ್ಕಿನಲ್ಲಿ ಗುರುತಿಸಿಕೊಂಡೆ, ಏಕೆಂದರೆ ಅಲ್ಲಿಂದ ಕವಿತೆ ಎರಡೂ ಕಡೆಯವರದ್ದಾಗುತ್ತದೆ.

ಓವೆನ್‌ನ ಪತ್ರಗಳನ್ನು ನಾನು ಓದಿದ್ದು 1967ರಲ್ಲಿ ಪ್ರಕಟವಾದ ಸಂಪುಟದಲ್ಲಿ. ಐನೂರಕ್ಕೂ ಹೆಚ್ಚು ಪತ್ರಗಳು ತಾಯಿ ಸೂಸನ್ ಅವರಿಗೇ ಬರೆದವು. ತಮ್ಮ ಹ್ಯಾರಲ್ಡ್ ಕೆಲವು ಸಾಲುಗಳ ಮೇಲೆ ಮಸಿ ಬಳಿದ, ಕೆಲವನ್ನು ಕತ್ತರಿಸಿ ತೆಗೆದ. ಮನೆತನದ ಮಾನ ಕಾಯುವ ಆ ಆತಂಕ ನನಗೆ ಅರ್ಥವಾಗುತ್ತದೆ, ಆದರೂ ನಷ್ಟ ನಷ್ಟವೇ. ಸೂಸನ್ ಅವರು ಬರೆದ ಒಂದು ಪತ್ರ ಮಾತ್ರ ನನ್ನನ್ನು ಬಹಳ ದಿನ ಬಿಡಲಿಲ್ಲ. ಅದು 1920ರಲ್ಲಿ ರವೀಂದ್ರನಾಥ ಠಾಕೂರರಿಗೆ ಬರೆದದ್ದು. ಕೊನೆಯ ಬಾರಿ ಯುದ್ಧಕ್ಕೆ ಹೊರಟಾಗ ಮಗ ಠಾಕೂರರ ಗೀತಾಂಜಲಿಯ ಮಾತುಗಳನ್ನು ಹೇಳಿ ಬೀಳ್ಕೊಂಡನೆಂದೂ, ಸತ್ತ ಮೇಲೆ ಮನೆಗೆ ಬಂದ ಅವನ ಪಾಕೆಟ್ ಪುಸ್ತಕದಲ್ಲಿ ಅದೇ ಮಾತುಗಳು ಅವನ ಕೈಬರಹದಲ್ಲಿ, ಕೆಳಗೆ ಠಾಕೂರರ ಹೆಸರಿನೊಂದಿಗೆ ಇದ್ದವೆಂದೂ ಆ ತಾಯಿ ತಿಳಿಸಿದ್ದಾರೆ.

ಕವಿತೆಯ ಕೊನೆಯ ಸಾಲಿನಲ್ಲಿ ಪ್ರತಿ ಮುಸ್ಸಂಜೆಯೂ ಮನೆಗಳ ಕಿಟಕಿಯ ಪರದೆಗಳು ಇಳಿಯುತ್ತವೆ. ಸಾವಾದ ಮನೆಯಲ್ಲಿ ಪರದೆ ಇಳಿಬಿಡುವುದು ಅವರ ಪದ್ಧತಿ. ಆ ಪತ್ರವನ್ನು ಓದಿದ ನಂತರ ಆ ಸಾಲಿಗೆ ಮತ್ತೆ ಕೂತೆ. ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆರೆದಿರಬೇಕು, ಆಗ ಬಾಗಿಲು ಮುಚ್ಚಿದರೆ ಹಿರಿಯರು ಗದರುತ್ತಾರೆ. ಪರದೆಯ ಪದ್ಧತಿಯನ್ನು ವಿವರಿಸಲು ಮೊದಲು ಬರೆದಿದ್ದ ಅಡಿಟಿಪ್ಪಣಿಯನ್ನು ತೆಗೆದುಹಾಕಿ, ‘ಪ್ರತಿ ಮುಸ್ಸಂಜೆ, ಮೆಲ್ಲಗೆ, ಮನೆಮನೆಯ ಬಾಗಿಲು ಮುಚ್ಚುವ ಸದ್ದು’ ಎಂದು ಬರೆದು ಪೆನ್ನು ಕೆಳಗಿಟ್ಟೆ.